ಮೂರನೇ ಮಹಡಿಯ ಶಾಸ್ತ್ರ

ಶಾಸ್ತ್ರ ಏನೂ ಗೊತ್ತಿಲ್ಲದವರಿಂದ ನನಗೆ ಈವರೆಗೆ ಒಂದು ದಿನವೂ ತೊಂದರೆ ಆಗಿಲ್ಲ. ಪೂರ್ತಿ ಗೊತ್ತಿರುವವರನ್ನು ನಾನು ನೋಡಿಯೇ ಇಲ್ಲ. ತಮಗೆ ಬೇಕಾದಷ್ಟು ಮಾತ್ರ ಗೊತ್ತಿರುವವರು ಇದ್ದಾರಲ್ಲ, ಅವರು ಲಿಫ್ಟಿನಲ್ಲಿ, ಹಾಲಿನ ಬೂತಿನ ಮುಂದೆ, ಮೆಟ್ರೋದಲ್ಲಿ ಎಲ್ಲೆಂದರಲ್ಲಿ ಸಿಗುತ್ತಾರೆ. ಸಿಕ್ಕಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ.

ನಾನು ಹುಟ್ಟಿದ್ದು ಚಿತ್ರದುರ್ಗದಲ್ಲಿ. ಮದುವೆಯಾಗಿ ದೆಹಲಿಗೆ ಬಂದವಳು ಮುಕ್ಕಾಲು ಆಯುಸ್ಸನ್ನು ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಕಳೆದೆ. ನಮ್ಮನೆಯವರು ಸೆಕ್ಷನ್ ಆಫೀಸರ್ ಆಗಿ ರಿಟೈರ್ ಆದ ಮೇಲೆ ದ್ವಾರಕಾದ ಈ ಸೊಸೈಟಿಯಲ್ಲಿ ಎರಡನೇ ಮಹಡಿಯ ಫ್ಲ್ಯಾಟಿಗೆ ಬಂದೆವು. ಆಗಿನ್ನೂ ಮೆಟ್ರೋ ಬಂದು ಸ್ವಲ್ಪ ಕಾಲವಾಗಿತ್ತು ಅಷ್ಟೇ.

ನಮ್ಮ ಮೇಲಿನ ಮನೆಯಲ್ಲಿ ಸಾಹೇಬರು ಇದ್ದರು. ಯಾವುದೋ ಸಚಿವಾಲಯದಲ್ಲಿ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಕನ್ನಡದವರಿಗೂ ಪಂಜಾಬಿಗಳಿಗೂ ಅವರು ಸಾಹೇಬರೇ. ಶನಿವಾರ ಸಂಜೆ ಸೊಸೈಟಿಯ ಕನ್ನಡದವರು ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪಾರಾಯಣ ಮಾಡುತ್ತಿದ್ದೆವು. ಓದುವುದು ಎಲ್ಲರೂ, ಅರ್ಥ ಹೇಳುವುದು ಸಾಹೇಬರು. ಅವರು ಅರ್ಥ ಹೇಳುವ ರೀತಿ ನೋಡಿ ನಮ್ಮನೆಯವರು ಮೊದಲ ವಾರವೇ ಹೇಳಿದ್ದರು:

"ಇದು ಆಫೀಸಿನ ಅಭ್ಯಾಸ ಕಣೇ. ಸರ್ಕಾರದಲ್ಲಿ ಏನಾದರೂ ಆಗಬೇಕಾದರೆ ಎರಡು ದಾರಿ. ಒಂದು ರೂಲ್. ರೂಲ್ ಇಲ್ಲದೇ ಇದ್ದರೆ ಪ್ರಿಸಿಡೆಂಟ್, ಅಂದ್ರೆ ಹಿಂದೆ ಯಾರಿಗಾದರೂ ಹಾಗೆ ಮಾಡಿಕೊಟ್ಟಿದ್ದು. ಮೊದಲು ಮೇಲಿನವರ ಮನಸ್ಸಲ್ಲಿ ಏನಿದೆ ಅಂತ ತಿಳ್ಕೋಬೇಕು. ರೂಲ್ ಆಮೇಲೆ ಹುಡುಕಿದರೆ ಸಿಗುತ್ತೆ. ಸಿಗದೇ ಇದ್ದದ್ದು ನನ್ನ ಸರ್ವೀಸಿನಲ್ಲಿ ನೋಡಿಲ್ಲ."

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ತಾಯಿ, ಒಬ್ಬಳೇ ಮಗಳು. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಗಂಡ ತೀರಿಕೊಂಡಿದ್ದರು. ಅವರ ಆಫೀಸಿನಲ್ಲೇ ಅನುಕಂಪದ ಆಧಾರದ ಮೇಲೆ ಈಕೆಗೆ ಗುಮಾಸ್ತೆಯ ಕೆಲಸ ಕೊಟ್ಟರು. ಅದರಲ್ಲಿ ಮಗಳನ್ನು ಓದಿಸಿ ದೊಡ್ಡವಳನ್ನು ಮಾಡಿದ್ದಳು. ನಾನು ಹೇಳುತ್ತಿರುವುದು ಆ ಹುಡುಗಿಗೆ ಮದುವೆ ಗೊತ್ತಾದ ವರ್ಷದ ಮಾತು. ಹುಡುಗನ ತಂದೆ ಸಾಹೇಬರ ಹಳೆಯ ಸಹೋದ್ಯೋಗಿ, ಸಂಬಂಧ ತಂದವರೂ ಸಾಹೇಬರೇ. "ಶಾಸ್ತ್ರದ ವಿಷಯ ಎಲ್ಲಾ ಸಾಹೇಬರು ಹೇಳಿದ ಹಾಗೆ" ಎಂದು ಬೀಗರು ಮೊದಲೇ ಅಂದುಬಿಟ್ಟಿದ್ದರು.

ಈಕೆಗೆ ಇದ್ದದ್ದು ಒಂದೇ ಆಸೆ. "ಅಕ್ಕ, ಧಾರೆ ನಾನೇ ಎರೀಬೇಕು. ಬೇರೆ ಯಾರೋ ದಂಪತಿಗಳು ಕೂತು ನನ್ನ ಮಗಳನ್ನ ದಾನ ಕೊಡೋದು, ನಾನು ಕಂಬದ ಹಿಂದೆ ನಿಂತು ನೋಡೋದು, ಅದು ನನ್ನ ಕೈಲಿ ಆಗಲ್ಲ."

"ಸಾಹೇಬರನ್ನ ಕೇಳಿದ್ಯಾ?" ಎಂದೆ.

"ಧೈರ್ಯ ಬಂದಿಲ್ಲ. ಅವರು ಒಪ್ಪಿದರೆ ಬೀಗರೂ ಒಪ್ತಾರೆ. ಅವರು ಯಾವುದಕ್ಕೆ ಹೂಂ ಅಂತಾರೆ, ಯಾವುದಕ್ಕೆ ಊಹೂಂ ಅಂತಾರೆ ಅಂತ ಸ್ವಲ್ಪ ದಿನ ನೋಡ್ತೀನಿ."

ಹಾಗೆ ನಾವಿಬ್ಬರೂ ನೋಡತೊಡಗಿದೆವು.

ಪ್ರಸಾದ

ಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು ಸಿಹಿ ಮುಟ್ಟಬಾರದು ಎಂದಿದ್ದರು. ಪಾರಾಯಣದ ಮನೆಗಳಲ್ಲಿ ಸಜ್ಜಿಗೆ ಮಾಡುತ್ತಿದ್ದೆವು. ತುಪ್ಪ, ಬಾಳೆಹಣ್ಣು, ದ್ರಾಕ್ಷಿ ಎಲ್ಲಾ ಹಾಕಿದ ಸಪಾದ ಭಕ್ಷ್ಯ. ಒಂದು ದೊನ್ನೆ ಖಾಲಿಯಾದ ಮೇಲೆ ಸಾಹೇಬರು ಇನ್ನೊಂದಕ್ಕೆ ಕೈ ಚಾಚುವರು.

ಅವರ ಹೆಂಡತಿ ಮಾತು ಕಡಿಮೆ. "ರೀ, ಡಾಕ್ಟರು ಹೇಳಿದ್ದಾರೆ" ಎನ್ನುವರು ಅಷ್ಟೇ.

"ಡಾಕ್ಟರು ಹೇಳಿದ್ದು ಸಿಹಿ ತಿಂಡಿಗೆ. ಇದು ಪ್ರಸಾದ. ಪ್ರಸಾದ ಬೇಡ ಅಂದರೆ ದೋಷ ಅಂತ ಶಾಸ್ತ್ರದಲ್ಲಿದೆ. ಮನೆಗೂ ಸ್ವಲ್ಪ ಕಟ್ಟಿಕೊಡಿ."

ಮರುವಾರ ಅವರ ಮನೆಗೆ ಹೋದಾಗ ದೇವರ ಮುಂದೆ ಬೆಳ್ಳಿ ಬಟ್ಟಲಲ್ಲಿ ಏನೋ ಹಸಿರು ನೀರು. ಹಸಿ ಹಾಗಲಕಾಯಿಯನ್ನು ರುಬ್ಬಿ ಸೋಸಿದ ರಸ. ಮೇಲೊಂದು ತುಳಸಿ ದಳ. ಮಂಗಳಾರತಿ ಆಯಿತು. ಆಕೆ ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ಮುಂದೆ ನಿಂತರು. "ದಿನಾ ಬೆಳಿಗ್ಗೆ ನೈವೇದ್ಯ ಮಾಡ್ತೀನಿ ಅಂತ ಹರಕೆ ಹೊತ್ತಿದ್ದೀನಿ. ತಗೊಳ್ಳಿ."

ನಾವು ಅಷ್ಟು ಜನರೂ ನೋಡುತ್ತಿದ್ದೆವು. ಸಾಹೇಬರು ಬಟ್ಟಲನ್ನು ನೋಡಿದರು, ದೇವರನ್ನು ನೋಡಿದರು. ಆಮೇಲೆ ತುಳಸಿ ದಳವನ್ನು ಮಾತ್ರ ಎತ್ತಿ ಬಾಯಿಗೆ ಹಾಕಿಕೊಂಡು ಹೇಳಿದರು: "ಪ್ರಸಾದ ಎಷ್ಟು ಕಡಿಮೆ ತಗೊಂಡರೆ ಅಷ್ಟು ಶ್ರೇಷ್ಠ. ಅದೂ ಶಾಸ್ತ್ರದಲ್ಲಿದೆ."

ಪಾರ್ಕಿಂಗ್

ಸೊಸೈಟಿಯಲ್ಲಿ ಕಾರಿಗೆ ನಂಬರು ಹಾಕಿದ ಜಾಗಗಳಿದ್ದವು. ಸಾಹೇಬರ ಜಾಗ ಬಿಸಿಲಿಗೆ, ಎದುರು ಬ್ಲಾಕಿನ ಪಂಜಾಬಿಯವರದು ಬೇವಿನ ಮರದ ನೆರಳಿಗೆ. ಮೇ ತಿಂಗಳಲ್ಲಿ ಸಾಹೇಬರು ತಮ್ಮ ಕಾರನ್ನು ನೆರಳಿಗೆ ನಿಲ್ಲಿಸಿದರು.

ಪಂಜಾಬಿಯವರು ಬಂದು ಬಹಳ ಮರ್ಯಾದೆಯಿಂದ ಕೇಳಿದರು. ಸಾಹೇಬರು ಅವರಿಗೆ ಅಲ್ಲೇ ನಿಂತು ಹಿಂದಿಯಲ್ಲಿ ಒಂದು ಪ್ರವಚನ ಕೊಟ್ಟರು. ಈ ಭೂಮಿ ಯಾರದು, ನನ್ನದು ನಿನ್ನದು ಎನ್ನುವುದು ಎಂಥ ಮಾಯೆ, ಬರುವಾಗ ಏನು ತಂದೆವು, ಹೋಗುವಾಗ ಏನು ಒಯ್ಯುತ್ತೇವೆ. ಪಂಜಾಬಿಯವರು ಕೈಮುಗಿದು ಕೇಳಿಸಿಕೊಂಡು ಹೋದರು.

ಮಳೆಗಾಲ ಬಂತು. ಬೇವಿನ ಮರದ ಕೆಳಗೆ ಮೊಣಕಾಲು ಮಟ್ಟ ನೀರು ನಿಲ್ಲತೊಡಗಿತು. ಸಾಹೇಬರು ಕಾರನ್ನು ತಮ್ಮ ಜಾಗಕ್ಕೆ ತರುವಷ್ಟರಲ್ಲಿ ಅಲ್ಲಿ ಪಂಜಾಬಿಯವರ ಕಾರು ನಿಂತಿತ್ತು. ಸಾಹೇಬರು ಸೊಸೈಟಿ ಸೆಕ್ರೆಟರಿಯನ್ನು ಕರೆಸಿದರು. ನಾವೆಲ್ಲ ಬಾಲ್ಕನಿಗೆ ಬಂದೆವು.

"ಅಂಕಲ್ ಜೀ, ಸಬ್ ಭಗವಾನ್ ಕಾ ಹೈ. ನೀವೇ ಹೇಳಿದ್ರಲ್ಲ, ಎಲ್ಲಾ ಭಗವಂತನದು ಅಂತ" ಎಂದರು ಪಂಜಾಬಿಯವರು.

"ಎಲ್ಲಾ ಭಗವಂತನದೇ, ಅದರಲ್ಲಿ ಎರಡು ಮಾತಿಲ್ಲ," ಎಂದರು ಸಾಹೇಬರು. "ಅಲಾಟ್‌ಮೆಂಟ್ ಮಾತ್ರ ಸೊಸೈಟಿಯದು."

ಸ್ಪೆಷಲ್ ಕೇಸ್

ಪಾರಾಯಣಕ್ಕೆ ಮೊದಲು ಅರ್ಧ ಗಂಟೆ ಮಕ್ಕಳಿಗೆ ಸಾಹೇಬರ ಪಾಠ. ನಮ್ಮ ಸೊಸೈಟಿಯ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಒಂದು ವಾರ, ತಂದೆ ತಾಯಿ ಹೇಳಿದ ಮಾತನ್ನು ಯಾವ ಕಾರಣಕ್ಕೂ ಮೀರಬಾರದು ಎಂದು ಶಾಸ್ತ್ರ ಹೇಳುತ್ತದೆ ಎಂಬ ಪಾಠ ನಡೆಯಿತು.

ಒಬ್ಬಳು ಪುಟ್ಟ ಹುಡುಗಿ ಕೈ ಎತ್ತಿದಳು. "ಲೇಕಿನ್ ಅಂಕಲ್, ಲಾಸ್ಟ್ ವೀಕ್ ಸ್ಟೋರಿ ಹೇಳಿದ್ರಲ್ಲ, ಆ ಬಾಯ್ ತನ್ನ ಪಪ್ಪಾ ಮಾತು ಕೇಳಲೇ ಇಲ್ಲ. ಫಿರ್ ಭೀ ದೇವರು ಅವನ ಸೈಡ್ ಬಂದ್ರು."

ಮಕ್ಕಳೆಲ್ಲ ಸಾಹೇಬರ ಮುಖ ನೋಡಿದರು. ಹಿಂದೆ ಕೂತಿದ್ದ ನಾವೂ ನೋಡಿದೆವು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಅದು ಸ್ಪೆಷಲ್ ಕೇಸ್. ಭಗವಂತ ವಿಶೇಷ ಅಧಿಕಾರ ಬಳಸಿ ಮಾಡಿಕೊಟ್ಟದ್ದು. ಅದನ್ನು ಪ್ರಿಸಿಡೆಂಟ್ ಅಂತ ತಗೋಬಾರದು."

ನಮ್ಮನೆಯವರು ನನ್ನ ಕಿವಿಯಲ್ಲಿ ಹೇಳಿದರು: "ಆರ್ಡರ್ ಕಾಪಿಯ ಕೊನೇ ಸಾಲು ಅದೇ ಇರುತ್ತೆ. ಯಾರ ಕೆಲಸ ಆಗಿದೆಯೋ ಅವರು ಅದನ್ನ ಓದೋದೇ ಇಲ್ಲ."

ಅವತ್ತು ಕೆಳಮನೆಯಾಕೆ ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು. "ಅಕ್ಕ, ನನ್ನದೂ ಸ್ಪೆಷಲ್ ಕೇಸ್ ಅಲ್ವಾ?"

"ಹೌದು ಕಣೇ. ಆದರೆ ಅದು ಸಾಹೇಬರಿಗೆ ಬೇಕಾದ ಸ್ಪೆಷಲ್ ಕೇಸ್ ಆಗಬೇಕಲ್ಲ" ಎಂದೆ.

ವಾನಪ್ರಸ್ಥ

ಇನ್ನೊಬ್ಬರ ಮನೆಯ ಮಾತೇ ಆಯಿತು, ನಮ್ಮ ಮನೆಯದನ್ನೂ ಹೇಳಬೇಕು.

ಸಾಹೇಬರು ಒಂದು ಶನಿವಾರ ಆಶ್ರಮಗಳ ಬಗ್ಗೆ ಹೇಳಿದರು. ಗೃಹಸ್ಥಾಶ್ರಮ ಮುಗಿದವನು ಮನೆಯ ಜಂಜಾಟವನ್ನು ಬಿಡಬೇಕು, ಮನಸ್ಸಿನಲ್ಲಾದರೂ ಕಾಡಿಗೆ ಹೋಗಬೇಕು. ನಮ್ಮನೆಯವರಿಗೆ ಅದು ತುಂಬಾ ಹಿಡಿಸಿತು. ಮರುದಿನ ನಾನು ಕೈಚೀಲ ಕೊಟ್ಟು ಸಂತೆಗೆ ಹೋಗಿ ತರಕಾರಿ ತನ್ನಿ ಎಂದರೆ, "ನಾನು ಇನ್ನು ಮೇಲೆ ಇದರಲ್ಲೆಲ್ಲ ಇಲ್ಲ. ವಾನಪ್ರಸ್ಥ" ಎಂದು ಪೇಪರು ಬಿಡಿಸಿ ಕೂತರು. ಸ್ವಲ್ಪ ಹೊತ್ತಿಗೆ, "ಕಾಫಿ ಆಯ್ತಾ?"

"ಕಾಡಿನಲ್ಲಿ ಕಾಫಿ ಎಲ್ಲಿಂದ ಬರುತ್ತೆ?" ಎಂದೆ.

"ಮನಸ್ಸಿನಲ್ಲಿ ಮಾತ್ರ ಕಾಡು. ದೇಹ ಇಲ್ಲೇ ಇದೆಯಲ್ಲ. ದೇಹಕ್ಕೆ ಕಾಫಿ ಬೇಕು."

ಸಾಹೇಬರು ಅವತ್ತು ಇನ್ನೊಂದು ಮಾತನ್ನೂ ಹೇಳಿದ್ದರು, ಇವರು ಆಗ ಚಕ್ಕುಲಿ ತಿನ್ನುತ್ತಿದ್ದರು. ವಾನಪ್ರಸ್ಥಕ್ಕೆ ಹೋಗುವವನು ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ನಾನು ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

"ಏನು ಮಾಡ್ತಾ ಇದ್ದೀಯಾ ಅಲ್ಲಿ?"

"ನಿಮ್ಮ ಜೊತೆ ಬಂದಿದ್ದೀನಿ."

ಮಧ್ಯಾಹ್ನ ಬ್ರೆಡ್ಡು ತಿಂದರು. ಸಂಜೆಯವರೆಗೂ ಇಬ್ಬರೂ ಕಾಡಿನಲ್ಲೇ ಇದ್ದೆವು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಬಂದು, ಕೈಚೀಲವನ್ನು ನನ್ನ ಕಾಲ ಹತ್ತಿರ ಇಟ್ಟರು. ಸೋರೆಕಾಯಿ, ಟೊಮೇಟೊ, ಕೊತ್ತಂಬರಿ ಸೊಪ್ಪು.

"ಇದೆಲ್ಲಿತ್ತು?" ಎಂದು ಕೇಳಿದೆ.

"ಕಾಡಿನಲ್ಲಿ ಸಿಕ್ಕಿತು" ಎಂದರು.

ಗುಡಗಾಂವದ ಹೋಮ

ದೆಹಲಿಯಲ್ಲಿ ಕನ್ನಡ ಪುರೋಹಿತರು ಕಡಿಮೆ. ಇದ್ದ ಕೆಲವರಲ್ಲಿ ನಮಗೆಲ್ಲ ಬೇಕಾದವರು ಒಬ್ಬರಿದ್ದರು. ಪಂಚೆಯನ್ನು ಮೇಲೆ ಕಟ್ಟಿ, ಸ್ವೆಟರ್ ಹಾಕಿ, ಹೆಲ್ಮೆಟ್ ಇಟ್ಟುಕೊಂಡು ಸ್ಕೂಟರಿನಲ್ಲಿ ಬರುವರು. ಒಂದು ದಿನದಲ್ಲಿ ನೊಯ್ಡಾದಲ್ಲಿ ನಾಮಕರಣ, ಕರೋಲ್ ಬಾಗಿನಲ್ಲಿ ತಿಥಿ, ದ್ವಾರಕಾದಲ್ಲಿ ಸತ್ಯನಾರಾಯಣ. ಆದ್ದರಿಂದ ಎಲ್ಲಿ ಎಷ್ಟು ಬೇಕೋ ಅಷ್ಟೇ ಮಂತ್ರ.

ನನ್ನ ತಂಗಿಯ ಮಗ ಗುಡಗಾಂವದಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಫ್ಲ್ಯಾಟು ಕೊಂಡ. ಗೃಹಪ್ರವೇಶಕ್ಕೆ ಇವರೇ. ಹೋಮಕುಂಡ ಇಟ್ಟು ಇನ್ನೇನು ಕಡ್ಡಿ ಗೀರಬೇಕು, ಕೆಳಗಿನಿಂದ ಸೆಕ್ಯುರಿಟಿಯವನು ಓಡಿ ಬಂದ. ಹೊಗೆ ಬಂದರೆ ಮೇಲಿನ ಯಂತ್ರ ಕೂಗುತ್ತದೆ, ಚಾವಣಿಯಿಂದ ನೀರು ಸುರಿಯುತ್ತದೆ, ಇಡೀ ಬಿಲ್ಡಿಂಗ್ ಖಾಲಿ ಮಾಡಬೇಕಾಗುತ್ತದೆ ಎಂದ.

ನನ್ನ ತಂಗಿಯ ಮಗನಿಗೆ ಗಾಬರಿ. "ಶಾಸ್ತ್ರಿಗಳೇ, ಏನು ಮಾಡೋದು?"

ಶಾಸ್ತ್ರಿಗಳು ಗಡಿಯಾರ ನೋಡಿಕೊಂಡರು. ಮುಖದಲ್ಲಿ ಒಂದು ಸಮಾಧಾನ ಕಂಡಿತು. "ಮಾನಸ ಹೋಮ ಅಂತ ಇದೆ. ಕಣ್ಣು ಮುಚ್ಚಿ. ಅಗ್ನಿ ಉರೀತಾ ಇದೆ ಅಂದ್ಕೊಳ್ಳಿ. ತುಪ್ಪ ಹಾಕ್ತಾ ಇದ್ದೀನಿ ಅಂದ್ಕೊಳ್ಳಿ. ಭಾವನೆ ಮುಖ್ಯ ಅಂತ ಶಾಸ್ತ್ರವೇ ಹೇಳುತ್ತೆ."

ನಾವು ಕಣ್ಣು ಮುಚ್ಚಿದೆವು. ತೆರೆಯುವಷ್ಟರಲ್ಲಿ ಪೂರ್ಣಾಹುತಿ ಆಗಿತ್ತು.

ನಮ್ಮನೆಯವರು ಕೇಳಿದರು. "ಶಾಸ್ತ್ರಿಗಳೇ, ಹಾಗಾದರೆ ಊಟವೂ ಮಾನಸವೋ?"

ಶಾಸ್ತ್ರಿಗಳು ಎಲೆಯ ಮುಂದೆ ಕೂತಾಗಿತ್ತು. "ಅದಕ್ಕೆ ಶಾಸ್ತ್ರದ ಒಪ್ಪಿಗೆ ಇಲ್ಲ" ಎಂದು ನೀರು ಚಿಮುಕಿಸಿದರು.

ಧಾರೆಯ ವಿಚಾರಣೆ

ಮದುವೆ ಫೆಬ್ರವರಿಗೆ ನಿಶ್ಚಯವಾಯಿತು. ಇನ್ನು ತಡ ಮಾಡುವ ಹಾಗಿರಲಿಲ್ಲ. ಕೆಳಮನೆಯಾಕೆ ನನ್ನನ್ನೂ ನಮ್ಮನೆಯವರನ್ನೂ ಕರೆದುಕೊಂಡು ಮೇಲೆ ಹೋದಳು. ಅವಳು ಮೆಟ್ಟಿಲ ಮೇಲೆ ಒಂದೆರಡು ಸಲ ನಿಂತಳು. ಸಾಹೇಬರ ಮನೆಯ ಸೋಫಾದಲ್ಲಿ ಕೂತು, ಸೆರಗಿನ ತುದಿ ಹಿಡಿದುಕೊಂಡು, ಹೇಳಬೇಕಾದ್ದನ್ನು ಹೇಳಿದಳು.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು. ದನಿ ಏರಿಸಲಿಲ್ಲ. "ನೋಡಮ್ಮ, ನಿನ್ನ ಕಷ್ಟ ನನಗೆ ಗೊತ್ತಿದೆ. ಆದರೆ ಧಾರೆಗೆ ದಂಪತಿಗಳೇ ಕೂರಬೇಕು. ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ."

"ಇವಳನ್ನ ಹೆತ್ತದ್ದು ನಾನು. ಸಾಕಿದ್ದೂ ನಾನೇ ಅಲ್ವಾ ಸಾಹೇಬ್ರೇ."

"ಅದು ಭಾವನೆ. ಇದು ರೂಲ್."

ಗುಡಗಾಂವದಲ್ಲಿ ಭಾವನೆಯಿಂದಲೇ ಒಂದು ಇಡೀ ಹೋಮ ನಡೆದದ್ದನ್ನು ಹೇಳೋಣ ಅನ್ನಿಸಿತು. ನಮ್ಮನೆಯವರು ನನಗಿಂತ ಮುಂಚೆ ಬಾಯಿ ಹಾಕಿದರು. "ಸಾರ್, ರೂಲ್ ಸ್ವಲ್ಪ ಸಡಿಲಿಸಿ ರಿಲ್ಯಾಕ್ಸೇಶನ್ ಏನಾದರೂ ಕೊಡಬಹುದೇನೋ?"

"ನನಗೆ ಆ ಪವರ್ ಇಲ್ಲಪ್ಪ."

ಸಜ್ಜಿಗೆಗೆ ಸಡಿಲವಾಗುವ ಶಾಸ್ತ್ರ, ನೆರಳಿಗೆ ಸಡಿಲವಾಗುವ ಶಾಸ್ತ್ರ, ಈ ಹೆಣ್ಣುಮಗಳ ಮುಂದೆ ಮಾತ್ರ ಕಲ್ಲಿನ ಹಾಗೆ ನಿಂತಿತ್ತು. ಅಲ್ಲಿಯವರೆಗೆ ನಾನು ಇದನ್ನೆಲ್ಲ ನಗುವ ವಿಷಯ ಅಂದುಕೊಂಡಿದ್ದೆ. ತಾನು ತಿನ್ನುವುದಕ್ಕೆ ಒಬ್ಬರು ಶಾಸ್ತ್ರ ಹುಡುಕಿಕೊಂಡರೆ ನಗಬಹುದು. ಅದೇ ಕೈಯಿಂದ ಇನ್ನೊಬ್ಬರ ಎಲೆ ಎಳೆದುಕೊಂಡಾಗ ನಗು ಬರಲಿಲ್ಲ.

"ಹಾಗಾದರೆ ಯಾರು ಕೂರೋದು?" ಎಂದು ಕೇಳಿದೆ.

"ನಾನೂ ನಮ್ಮನೆಯವಳೂ ಕೂರ್ತೀವಿ. ಬೀಗರಿಗೆ ಹೇಳಿಯೂ ಆಗಿದೆ. ನಮಗೆ ಹೆಣ್ಣುಮಕ್ಕಳಿಲ್ಲ, ನಮಗೂ ಕನ್ಯಾದಾನದ ಪುಣ್ಯ ಬಂತು" ಎಂದರು ಸಾಹೇಬರು.

ಕೆಳಮನೆಯಾಕೆ ತಲೆ ತಗ್ಗಿಸಿದಳು. ಅಷ್ಟರಲ್ಲಿ ಸಾಹೇಬರ ಹೆಂಡತಿ ಕಾಫಿ ತಂದರು. ಸಾಹೇಬರು ಅವರನ್ನು ತೋರಿಸಿ ಹೇಳಿದರು: "ನೋಡಿ, ಪತ್ನಿ ಪಕ್ಕದಲ್ಲಿ ಇಲ್ಲದಿದ್ದರೆ ನನಗೂ ಧಾರೆಯ ಅಧಿಕಾರ ಇಲ್ಲ. ಹೆಂಗಸಿಗೆ ನಮ್ಮ ಶಾಸ್ತ್ರ ಅಷ್ಟು ದೊಡ್ಡ ಸ್ಥಾನ ಕೊಟ್ಟಿದೆ."

ಆಕೆ ಕೆಳಮನೆಯಾಕೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಂಡನಿಗೆ ಲೋಟ ಕೊಡುತ್ತಾ ಹೇಳಿದರು: "ಅಷ್ಟು ದೊಡ್ಡ ಸ್ಥಾನ ಇದೆಯಾ ನನಗೆ? ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ."

ಮುಹೂರ್ತ

ಮದುವೆ ನಮ್ಮ ಸೊಸೈಟಿಯ ಹತ್ತಿರದ ಕಮ್ಯುನಿಟಿ ಹಾಲಿನಲ್ಲಿ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹಾಲಿನ ಹಿಂದೆ ಬಿಸಿ ಬಿಸಿ ಇಡ್ಲಿ, ಉದ್ದಿನ ವಡೆ, ಉಪ್ಪಿಟ್ಟು. ಚಳಿಗೆ ಜನರೆಲ್ಲ ಮೊದಲು ಅಲ್ಲಿಗೇ ಹೋದರು. ನಾವೂ ಹೋದೆವು. ಎರಡು ವಡೆ ತಿಂದು ಮೂರನೆಯದಕ್ಕೆ ಸಾಂಬಾರು ಹಾಕಿಸಿಕೊಂಡೆ.

ಗುಡಗಾಂವದ ಹೋಮ ಮಾಡಿಸಿದ ಶಾಸ್ತ್ರಿಗಳೇ ಇಲ್ಲೂ. ಮಧ್ಯಾಹ್ನ ಅವರಿಗೆ ನೊಯ್ಡಾದಲ್ಲಿ ಉಪನಯನ. ಸಾಹೇಬರು ಜರಿ ಪಂಚೆ ಉಟ್ಟು, ಶಲ್ಯ ಹೊದ್ದು ಮಂಟಪದಲ್ಲಿ ನಿಂತಿದ್ದರು. ಹುಡುಗಿಯ ತಾಯಿ ಕಂಬದ ಹಿಂದೆ. ಕಡು ಹಸಿರು ರೇಷ್ಮೆ ಸೀರೆ. ಅವಳು ಅಳುತ್ತಿರಲಿಲ್ಲ. ಅತ್ತರೆ ಮಗಳು ನೋಡುತ್ತಾಳೆ ಎಂದು ತುಟಿ ಬಿಗಿ ಹಿಡಿದಿದ್ದಳು.

"ಧಾರೆ ಎರೆಯೋ ದಂಪತಿಗಳು ಬನ್ನಿ, ಮಣೆ ಮೇಲೆ ಕೂತ್ಕೊಳ್ಳಿ" ಎಂದರು ಶಾಸ್ತ್ರಿಗಳು.

ಸಾಹೇಬರು ಕೂತರು. ಅವರ ಹೆಂಡತಿ ಮಣೆಯ ಹತ್ತಿರ ಬಂದು ನಿಂತರು.

"ಕೂತ್ಕೋ" ಎಂದರು ಸಾಹೇಬರು.

"ನನಗೆ ಕೂರಕ್ಕೆ ಆಗಲ್ಲ."

"ಯಾಕೆ?"

"ಮಂಡಿ ನೋವು. ಕೆಳಗೆ ಕೂರಬೇಡಿ ಅಂತ ಡಾಕ್ಟರು ಹೇಳಿದ್ದಾರೆ."

"ಯಾವಾಗ ಹೇಳಿದ್ರು?"

"ನೀವು ಯಾವತ್ತು ನನ್ನ ಜೊತೆ ಡಾಕ್ಟರ ಹತ್ರ ಬಂದಿದ್ದೀರಿ?"

ಸಾಹೇಬರು ಶಾಸ್ತ್ರಿಗಳ ಕಡೆ ತಿರುಗಿದರು. "ಕುರ್ಚಿ ಹಾಕಬಹುದಾ?"

"ಧಾರೆಗೆ ಕುರ್ಚಿ ಇಲ್ಲ ಸಾರ್. ನೀವೇ ಹೇಳಿದ್ದು, ಎಲ್ಲಾ ಶಾಸ್ತ್ರೋಕ್ತವಾಗಿ ಆಗಬೇಕು ಅಂತ" ಎಂದರು ಶಾಸ್ತ್ರಿಗಳು. ನಿಜ. ಬೀಗರ ಮುಂದೆಯೇ ಹೇಳಿದ್ದರು. ಪತ್ನಿ ಇಲ್ಲದೆ ತಮಗೆ ಅಧಿಕಾರ ಇಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದ್ದರು. ಸಾಹೇಬರು ಮಣೆಯಿಂದ ಎದ್ದರು.

ಹುಡುಗನ ತಂದೆಗೆ ಗಾಬರಿಯಾಯಿತು. "ಬೇರೆ ಯಾರಾದರೂ ದಂಪತಿಗಳು ಕೂರಲಿ. ಇಷ್ಟು ಜನ ಇದ್ದಾರಲ್ಲ."

ಶಾಸ್ತ್ರಿಗಳು ಸಭೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕೇಳಿದರು: "ಧಾರೆ ಎರೆಯೋವರೆಗೂ ಉಪವಾಸ ಇರಬೇಕು. ಏನೂ ತಿನ್ನದೇ ಇರೋ ದಂಪತಿಗಳು ಯಾರಿದ್ದೀರಿ?"

ಬೀಗರ ಕಡೆಯವರೊಬ್ಬರು ಬಾಯಿ ಒರೆಸಿಕೊಂಡರು. ಸಾಹೇಬರು ನಮ್ಮನೆಯವರನ್ನು ನೋಡಿದರು. ನಮ್ಮನೆಯವರು ನನ್ನನ್ನು ನೋಡಿದರು. ನಾನು ಚಟ್ನಿ ತಾಗಿದ್ದ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, "ನಾನು ಬರೀ ಉಪ್ಪಿಟ್ಟು ತಿಂದಿದ್ದು, ಪರವಾಗಿಲ್ವಾ?" ಎಂದು ಕೇಳಿದರು.

ಶಾಸ್ತ್ರಿಗಳು ಗಡಿಯಾರ ನೋಡಿದರು. "ಮುಹೂರ್ತ ಮೀರುತ್ತೆ. ದಂಪತಿಗಳು ಆಗದಿದ್ದರೆ ಹೋಗಲಿ. ಹೆಣ್ಣಿನ ಕಡೆಯವರಲ್ಲಿ ಉಪವಾಸ ಇರೋರು ಯಾರಾದರೂ ಒಬ್ಬರು ಇದ್ದೀರೋ ಇಲ್ಲವೋ, ಅದನ್ನ ಹೇಳಿ."

ಕಂಬದ ಹಿಂದಿನಿಂದ ಸಣ್ಣ ದನಿ ಬಂತು. "ನಾನು ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ."

ಅವಳು ವ್ರತಕ್ಕೆಂದು ಬಿಟ್ಟದ್ದಲ್ಲ. ತಿನ್ನಲು ಯಾರೂ ಕರೆದಿರಲಿಲ್ಲ, ಅವಳಿಗೂ ನೆನಪಾಗಿರಲಿಲ್ಲ.

ಹುಡುಗನ ತಂದೆ ಸಾಹೇಬರ ಮುಖ ನೋಡಿದರು. ಎಲ್ಲರೂ ನೋಡಿದೆವು. ಹುಡುಗಿ ಹಸೆಮಣೆಯ ಮೇಲೆ ಕೂತು, ಬಾಸಿಂಗದ ಮುತ್ತಿನ ಎಳೆಗಳ ಸಂದಿಯಿಂದ ಅವರನ್ನೇ ನೋಡುತ್ತಿದ್ದಳು. ಸಾಹೇಬರು ಕಣ್ಣು ಮುಚ್ಚಿದರು. ಫೈಲು ಮುಂದಿಟ್ಟುಕೊಂಡು ಯೋಚಿಸುವಾಗ ಹೀಗೇ ಮಾಡುತ್ತಿದ್ದರೋ ಏನೋ. ಆಮೇಲೆ ಕಣ್ಣು ತೆರೆದರು.

"ಆಪತ್ಕಾಲ," ಎಂದರು. "ಆಪತ್ಕಾಲದಲ್ಲಿ ತಾಯಿ ಕೂರಬಹುದು. ಶಾಸ್ತ್ರದಲ್ಲಿದೆ."

ಬೀಗರು ತಲೆಯಾಡಿಸಿದರು. ಶಾಸ್ತ್ರಿಗಳು ಪಕ್ಕದಲ್ಲಿ ಗಂಡನ ಜಾಗಕ್ಕೆ ಒಂದು ದರ್ಭೆ ಇಟ್ಟು ಮಂತ್ರ ಶುರು ಮಾಡಿಯೇಬಿಟ್ಟರು. ಅವಳು ಬಂದು ಕೂತಳು. ಮಗಳ ಕೈಯನ್ನು ಹುಡುಗನ ಕೈಯ ಮೇಲಿಟ್ಟು, ಮಗಳ ಮುಖ ನೋಡುತ್ತಲೇ ನೀರು ಬಿಟ್ಟಳು. ಅರ್ಧ ನೀರು ಧಾರೆಗೆ ಬಿತ್ತು, ಅರ್ಧ ಶಾಸ್ತ್ರಿಗಳ ಸ್ವೆಟರಿಗೆ. ಅವರು ಮಂತ್ರ ನಿಲ್ಲಿಸಲಿಲ್ಲ.

ಊಟವಾದ ಮೇಲೆ ಹುಡುಗನ ಸ್ನೇಹಿತರು ಡೋಲು ತರಿಸಿದರು. ಕನ್ನಡದ ಮದುವೆಗೆ ಡೋಲು ಯಾಕೆ ಎಂದು ಕೇಳುವ ಹಾಗಿಲ್ಲ, ದೆಹಲಿಯಲ್ಲಿ ಅದಿಲ್ಲದಿದ್ದರೆ ಮದುವೆ ಮುಗಿದ ಹಾಗೆಯೇ ಅಲ್ಲ. ಎದುರು ಬ್ಲಾಕಿನ ಪಂಜಾಬಿಯವರ ಮನೆಯ ಹೆಂಗಸರು, "ಚಲೋ ಆಂಟೀ ಜೀ, ಚಲೋ" ಎಂದು ಸಿಕ್ಕವರನ್ನೆಲ್ಲ ಎಳೆದರು. ಹುಡುಗಿಯ ತಾಯಿ ನನ್ನ ಪಕ್ಕ ಕೂತು, ಆ ದಿನದ ಮೊದಲ ತುತ್ತು ತಿನ್ನುತ್ತಿದ್ದಳು. ನಾನು ಅವಳ ಎಲೆಗೆ ಹೋಳಿಗೆ ಹಾಕಿಸುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ ಅಗಿಯುವುದನ್ನು ನಿಲ್ಲಿಸಿ, "ಅಕ್ಕ, ಅಲ್ಲಿ ನೋಡಿ" ಎಂದಳು.

ವರ್ತುಲದ ನಡುವೆ ಸಾಹೇಬರ ಹೆಂಡತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ, ಒಂದೊಂದೇ ಕಾಲೆತ್ತಿ ಹಾರುತ್ತಿದ್ದರು. ಡೋಲಿನವನು ಜೋರು ಮಾಡಿದ. ಅವರೂ ಜೋರು ಮಾಡಿದರು. ಪಂಜಾಬಿ ಹೆಂಗಸರು ಒಬ್ಬೊಬ್ಬರಾಗಿ ಸುಸ್ತಾಗಿ ಹೊರಗೆ ಬಂದರು, ಇವರು ಬರಲಿಲ್ಲ.

ಸಾಹೇಬರು ಜನರನ್ನು ಸರಿಸಿಕೊಂಡು ಹತ್ತಿರ ಹೋಗಿ ನಿಂತರು. ಡೋಲು ಒಂದು ಗಳಿಗೆ ನಿಂತಾಗ ಅವರ ಮಾತು ಎಲ್ಲರಿಗೂ ಕೇಳಿಸಿತು.

"ಏನಿದು? ಮಂಡಿ ನೋವು ಅಂದ್ಯಲ್ಲ. ಡಾಕ್ಟರು ಹೇಳಿದ್ದಾರೆ ಅಂದ್ಯಲ್ಲ."

ಆಕೆ ಉಸಿರು ಬಿಡುತ್ತಾ ಹಣೆಯ ಬೆವರು ಒರೆಸಿಕೊಂಡರು.

"ಕೂರಬೇಡಿ ಅಂತ ಹೇಳಿದ್ದಾರೆ. ಕುಣೀಬೇಡಿ ಅಂತ ಎಲ್ಲಿ ಹೇಳಿದ್ದಾರೆ, ತೋರಿಸಿ" ಎಂದವರೇ ಬಾರಿಸು ಎಂದು ಡೋಲಿನವನಿಗೆ ಕೈಸನ್ನೆ ಮಾಡಿದರು.